ಕಡತದ ಮೂಲಕ ಹರಡುವ ಸೋಂಕು

1854ರ ಆಗಸ್ಟ್ ತಿಂಗಳ ಕೊನೆಯಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಆಸುಪಾಸಿನಲ್ಲಿ ಕಾಲರಾ ಬೇನೆ ಉಗ್ರವಾಗಿ ತಲೆಯೆತ್ತಿತು. ಡಾಕ್ಟರ್ ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳಿಗೆ ಹೋಗಿ ವಿಚಾರಿಸಿ, ಆ ಬೀದಿಯ ಕೈಪಂಪಿನ ನೀರೇ ರೋಗದ ಮೂಲವೆಂದು ಗುರುತಿಸಿದ ಸಂಗತಿ ವೈದ್ಯಶಾಸ್ತ್ರದ ಚರಿತ್ರೆಯನ್ನು ಬಲ್ಲವರಿಗೆ ಹೊಸದಲ್ಲ. ಆ ವಿಚಾರಣೆಯಲ್ಲಿ ಬೆಳಕಿಗೆ ಬಂದ ಒಂದು ಸಾವು ಮಾತ್ರ ವಿಶೇಷವಾಗಿ ಗಮನಿಸತಕ್ಕದ್ದು. ಅಲ್ಲಿಂದ ದೂರದ ಹ್ಯಾಂಪ್‌ಸ್ಟೆಡ್ ಎಂಬ ಬಡಾವಣೆಯಲ್ಲಿ ಒಬ್ಬ ಮಹಿಳೆ ಅದೇ ಬೇನೆಯಿಂದ ತೀರಿಕೊಂಡರು. ಆಕೆ ಹಿಂದೊಮ್ಮೆ ಬ್ರಾಡ್ ಸ್ಟ್ರೀಟಿನಲ್ಲಿ ವಾಸವಾಗಿದ್ದವರು; ಅಲ್ಲಿಯ ನೀರಿನ ರುಚಿಯನ್ನು ಮರೆಯಲಾರದೆ ದಿನವೂ ಒಂದು ಸೀಸೆಯಷ್ಟನ್ನು ತರಿಸಿ ಕುಡಿಯುತ್ತಿದ್ದರು. ನೀರು ನೋಡಲು ತಿಳಿಯಾಗಿತ್ತು, ಕಳುಹಿಸಿಕೊಡುತ್ತಿದ್ದವರು ಮನೆಯವರೇ ಆಗಿದ್ದರು, ಬಾವಿ ಬಹುಕಾಲದಿಂದ ಪರಿಚಿತವಾದುದಾಗಿತ್ತು. ಸಂದೇಹಪಡಲು ಆಕೆಗೆ ಯಾವ ಕಾರಣವೂ ಇರಲಿಲ್ಲ.

ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದವರ ಮನಸ್ಸು ಎಲ್ಲ ಕಾಲದಲ್ಲಿಯೂ ಹೀಗೆಯೇ. ಊರಿನಿಂದ ಬಂದುದನ್ನು ಪರೀಕ್ಷಿಸಿ ನೋಡಬೇಕೆಂದು ಅದಕ್ಕೆ ಅನ್ನಿಸುವುದಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ಕನ್ನಡಿಗರಿಗೆ ಹಿಂದೆ ಅಂಚೆಯವನು ತಂದುಕೊಡುತ್ತಿದ್ದ ಲಗ್ನಪತ್ರಿಕೆ, ಜಾತ್ರೆಯ ಕರೆಯೋಲೆ, ಜಮೀನಿನ ಪಹಣಿ, ಸಂಘದ ಸುತ್ತೋಲೆ ಇವೆಲ್ಲವೂ ಈಗ ಕಡತಗಳಾಗಿ ಗಣಕಯಂತ್ರಕ್ಕೂ ಕೈಯಲ್ಲಿನ ಮೊಬೈಲಿಗೂ ಬಂದು ಇಳಿಯುತ್ತವೆ. ಈ ಕಡತಗಳ ಪೈಕಿ ಕೆಲವು ಸೋಂಕು ಹೊತ್ತವು. ಆ ಸೋಂಕಿನ ಸ್ವರೂಪವೇನು, ಅದು ಯಾವ ದಾರಿಯಿಂದ ಪ್ರವೇಶಿಸುತ್ತದೆ, ಅದನ್ನು ಬಾಗಿಲಲ್ಲಿಯೇ ತಡೆಯುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಾಗದಕ್ಕೂ ಕಡತಕ್ಕೂ ಇರುವ ಅಂತರ

ಕಾಗದದ ಮೇಲೆ ಬರೆದ ಪತ್ರಕ್ಕೆ ಸ್ವಂತ ಚಲನೆಯಿಲ್ಲ. ಅದರಲ್ಲಿ ಎಷ್ಟೇ ಕೆಟ್ಟ ಮಾತಿದ್ದರೂ ಅದು ಓದುವವನ ಬೀರುವಿನ ಬಾಗಿಲನ್ನು ತೆರೆಯಲಾರದು, ಅವನ ಪಾಸುಪುಸ್ತಕವನ್ನು ಎತ್ತಿಕೊಂಡು ಹೋಗಲಾರದು, ತನ್ನ ಪ್ರತಿಗಳನ್ನು ತಾನೇ ಮಾಡಿಕೊಂಡು ಅವನ ಬಂಧುಬಳಗಕ್ಕೆಲ್ಲ ರವಾನೆಯಾಗಲಾರದು. ಗಣಕಯಂತ್ರದ ಕಡತವಾದರೋ ಕಾಗದದಂತೆ ತೋರುತ್ತದೆಯೇ ಹೊರತು ಕಾಗದವಲ್ಲ. ಅದೊಂದು ಪೆಟ್ಟಿಗೆ. ಅದರೊಳಗೆ ಅಕ್ಷರಗಳಿರಬಹುದು, ಚಿತ್ರಗಳಿರಬಹುದು. ಜೊತೆಗೆ, ಯಂತ್ರವು ನೆರವೇರಿಸಬೇಕಾದ ಆಜ್ಞೆಗಳೂ ಇರಬಹುದು. ಓದುವವರ ಕಣ್ಣಿಗೆ ಬೀಳುವುದು ಅಕ್ಷರಗಳು ಮಾತ್ರ. ಆಜ್ಞೆಗಳನ್ನು ಓದುವುದು ಯಂತ್ರ.

ಈ ಆಜ್ಞೆಗಳು ಮೂಲತಃ ದುರುದ್ದೇಶದಿಂದ ಹುಟ್ಟಿದವಲ್ಲ. ಒಂದು ಕಚೇರಿಯಲ್ಲಿ ಪ್ರತಿ ತಿಂಗಳೂ ಇನ್ನೂರು ಮಂದಿ ನೌಕರರ ಸಂಬಳದ ಪಟ್ಟಿಯನ್ನು ತಯಾರಿಸಬೇಕಾಗಿದೆ ಎನ್ನೋಣ. ಭವಿಷ್ಯನಿಧಿಯ ಕಡಿತ, ತೆರಿಗೆಯ ಕಡಿತ, ಮುಂಗಡದ ಕಂತು ಇವುಗಳನ್ನು ಒಬ್ಬೊಬ್ಬರ ಹೆಸರಿನ ಮುಂದೆಯೂ ಕೈಯಿಂದ ಲೆಕ್ಕ ಹಾಕುವುದು ಬೇಸರದ ಕೆಲಸ. ಮಾಡಬೇಕಾದ ಕ್ರಮವನ್ನು ಒಮ್ಮೆ ಬರೆದು ಕಡತದೊಳಗೇ ಇಟ್ಟುಬಿಟ್ಟರೆ ಮುಂದಿನ ತಿಂಗಳಿನಿಂದ ಒಂದು ಗುಂಡಿಯನ್ನು ಒತ್ತಿದರೆ ಸಾಕು. ಹೀಗೆ ಕಡತದೊಳಗೆ ಅಡಕವಾದ ಆಜ್ಞಾಸರಣಿಗೆ ಮ್ಯಾಕ್ರೊ ಎಂದು ಹೆಸರು. ಮೈಕ್ರೋಸಾಫ್ಟ್ ಕಂಪನಿಯ ವರ್ಡ್ ಮತ್ತು ಎಕ್ಸೆಲ್ ಎಂಬ ತಂತ್ರಾಂಶಗಳು ಈ ಸೌಕರ್ಯವನ್ನು ಒದಗಿಸಿ ಲಕ್ಷಾಂತರ ಗುಮಾಸ್ತರ ಶ್ರಮವನ್ನು ಹಗುರಗೊಳಿಸಿದವು. ಕಡತವನ್ನು ತೆರೆದ ಕ್ಷಣದಲ್ಲಿಯೇ ತಾನಾಗಿ ನಡೆಯುವಂತಹ ಮ್ಯಾಕ್ರೊಗಳಿಗೂ ಅವು ಅವಕಾಶ ಕೊಟ್ಟವು. ಅನರ್ಥ ಹೊಕ್ಕದ್ದು ಈ ಕಂಡಿಯಿಂದಲೇ.

1994ರಲ್ಲಿ ಅಮೆರಿಕದಲ್ಲಿ ಒಂದು ಸುಳ್ಳು ಸುದ್ದಿ ಹಬ್ಬಿತು. ‘ಗುಡ್ ಟೈಮ್ಸ್’ ಎಂಬ ಶೀರ್ಷಿಕೆಯ ಇ-ಮೇಲನ್ನು ಓದಿದ ಮಾತ್ರದಿಂದಲೇ ಗಣಕಯಂತ್ರ ಹಾಳಾಗುತ್ತದೆ ಎಂಬುದೇ ಆ ಸುದ್ದಿ. ಬಲ್ಲವರು ಅದನ್ನು ಕೇಳಿ ನಕ್ಕರು. ಓದುವ ಪಠ್ಯದಿಂದ ಸೋಂಕು ತಗಲುವುದೆಂತು, ಸೋಂಕು ತಗಲುವುದು ಪ್ರೋಗ್ರಾಮುಗಳನ್ನು ನಡೆಸಿದಾಗ ಮಾತ್ರವೆಂದು ಸಮಾಧಾನ ಹೇಳಿದರು. ಅಂದಿನ ಮಟ್ಟಿಗೆ ಅವರ ಮಾತು ಸರಿಯಾಗಿಯೇ ಇತ್ತು. ಆದರೆ ಮರುವರ್ಷವೇ, 1995ರಲ್ಲಿ, ‘ಕಾನ್ಸೆಪ್ಟ್’ ಎಂಬ ವೈರಸ್ಸು ಕಾಣಿಸಿಕೊಂಡಿತು. ಅದರ ವಾಸಸ್ಥಾನ ವರ್ಡ್ ಕಡತ. ಸೋಂಕಿದ ಒಂದು ಕಡತವನ್ನು ತೆರೆದರೆ ಆ ಯಂತ್ರದಲ್ಲಿ ಅನಂತರ ಉಳಿಸಿಡುವ ಕಡತಗಳಿಗೂ ಅದು ಅಂಟಿಕೊಳ್ಳುತ್ತಿತ್ತು. ವಿಪರ್ಯಾಸವೆಂದರೆ, ಸ್ವತಃ ಮೈಕ್ರೋಸಾಫ್ಟ್ ಕಂಪನಿಯೇ ಹಂಚಿದ ಸಿಡಿಯೊಂದರಲ್ಲಿ ಈ ಸೋಂಕು ಅರಿವಿಲ್ಲದೆ ಸೇರಿಕೊಂಡು ಹೊರಟಿತು. ಕಾನ್ಸೆಪ್ಟ್ ಯಾವ ಹಾನಿಯನ್ನೂ ಮಾಡಲಿಲ್ಲ. ಹೀಗೂ ಸಾಧ್ಯವೆಂದು ತೋರಿಸಿಕೊಟ್ಟು ಸುಮ್ಮನಾಯಿತು. ತೋರಿಸಿಕೊಟ್ಟದ್ದನ್ನು ಕಲಿತವರು ಮಾತ್ರ ಸುಮ್ಮನಾಗಲಿಲ್ಲ.

1999ರ ಮಾರ್ಚ್ 26ರಂದು ‘ಮೆಲಿಸ್ಸಾ’ ಹೊರಬಿದ್ದಿತು. ನ್ಯೂಜೆರ್ಸಿಯ ಡೇವಿಡ್ ಸ್ಮಿತ್ ಎಂಬಾತ ರಚಿಸಿದ ಈ ವೈರಸ್ಸು ವರ್ಡ್ ಕಡತವೊಂದರೊಳಗೆ ಕುಳಿತು ಇ-ಮೇಲಿನಲ್ಲಿ ಬರುತ್ತಿತ್ತು. ತೆರೆದವರ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ, ತೆರೆದವರ ಹೆಸರಿನಲ್ಲಿಯೇ, ತಾನಾಗಿ ರವಾನೆಯಾಗುತ್ತಿತ್ತು. ನೀವು ಕೇಳಿದ್ದ ದಸ್ತಾವೇಜು ಇದು, ಬೇರೆ ಯಾರಿಗೂ ತೋರಿಸಬೇಡಿ ಎಂಬರ್ಥದ ಒಂದು ಸಾಲು ಅದರೊಡನೆ ಇರುತ್ತಿತ್ತು. ಸ್ನೇಹಿತನಿಂದ ಬಂದದ್ದು, ಅದರಲ್ಲಿಯೂ ಗುಟ್ಟಿನದು ಎಂದ ಮೇಲೆ ತೆರೆಯದಿರುವವರು ಯಾರು? ಬಿರುಸಿನ ಓಟದಿಂದ ದೊಡ್ಡ ದೊಡ್ಡ ಸಂಸ್ಥೆಗಳ ಅಂಚೆಯಂತ್ರಗಳು ಉಸಿರುಕಟ್ಟಿ ನಿಂತವು. ಸ್ಮಿತ್‌ಗೆ 2002ರಲ್ಲಿ 20 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಮೆಲಿಸ್ಸಾದಿಂದಾದ ಇನ್ನೊಂದು ಹಾನಿಯನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಸೋಂಕು ತಗಲಿದವರ ಸ್ವಂತ ಕಡತಗಳೂ ಕೆಲವೊಮ್ಮೆ ಅದರ ವಾಹನವಾಗಿ ಹೊರಟು, ಖಾಸಗಿ ಬರಹಗಳು ಐವತ್ತು ಮಂದಿಯ ಕೈಸೇರುತ್ತಿದ್ದವು.

ಮರುವರ್ಷ, 2000ದ ಮೇ 4ರಂದು, ಫಿಲಿಪ್ಪೀನ್ಸ್ ದೇಶದ ಮನಿಲಾದಿಂದ ಹೊರಟ ‘ಐ ಲವ್ ಯೂ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಜೊತೆಯಲ್ಲಿದ್ದುದು ದಸ್ತಾವೇಜೇ ಅಲ್ಲ, ದಸ್ತಾವೇಜಿನ ವೇಷ ತೊಟ್ಟ ಪ್ರೋಗ್ರಾಮು. ಕಡತದ ಹೆಸರು ‘ಲವ್ ಲೆಟರ್ ಫಾರ್ ಯೂ’ ಎಂದಿದ್ದು, ಅದರ ನಂತರ ಚುಕ್ಕೆಯಿಟ್ಟು ‘ಟಿಎಕ್ಸ್‌ಟಿ’ ಎಂದೂ, ಮತ್ತೊಂದು ಚುಕ್ಕೆಯಿಟ್ಟು ‘ವಿಬಿಎಸ್’ ಎಂದೂ ಇತ್ತು. ಹೆಸರಿನ ಕಟ್ಟಕಡೆಯ ಚುಕ್ಕೆಯ ನಂತರದ ಅಕ್ಷರಗಳೇ ಕಡತದ ನಿಜವಾದ ಜಾತಿಯನ್ನು ಹೇಳುತ್ತವೆ. ವಿಂಡೋಸ್ ವ್ಯವಸ್ಥೆಯಾದರೋ ಬಳಸುವವರಿಗೆ ಗೊಂದಲವಾಗದಿರಲೆಂಬ ಸದುದ್ದೇಶದಿಂದ ಆ ಕೊನೆಯ ಅಕ್ಷರಗಳನ್ನೇ ಮರೆಮಾಡುತ್ತಿತ್ತು. ಇಂದಿಗೂ ತಾನಾಗಿ ಬಿಟ್ಟರೆ ಮರೆಮಾಡುತ್ತದೆ. ತತ್ಫಲವಾಗಿ ಜನರಿಗೆ ಕಂಡದ್ದು ‘ಟಿಎಕ್ಸ್‌ಟಿ’ ಎಂಬ ನಿರುಪದ್ರವಿ ಪತ್ರ. ಒಳಗಿದ್ದದ್ದು ಚಿತ್ರಗಳನ್ನು ಅಳಿಸಿಹಾಕುವ ಪ್ರೋಗ್ರಾಮು. ಬ್ರಿಟನ್ನಿನ ಪಾರ್ಲಿಮೆಂಟೂ ತನ್ನ ಇ-ಮೇಲ್ ವ್ಯವಸ್ಥೆಯನ್ನು ಕೆಲಕಾಲ ಮುಚ್ಚಬೇಕಾಯಿತು. ಅದನ್ನು ರಚಿಸಿದ ಓನೆಲ್ ಡಿ ಗುಜ್ಮನ್‌ನ ಮೇಲಿನ ಆರೋಪವನ್ನು ಕೈಬಿಡಬೇಕಾಯಿತು. ಏಕೆಂದರೆ ಅಂಥ ಕೃತ್ಯವನ್ನು ಅಪರಾಧವೆನ್ನುವ ಕಾಯಿದೆಯೇ ಆಗ ಆ ದೇಶದಲ್ಲಿರಲಿಲ್ಲ. ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದೂ ಅದೇ ವರ್ಷದ ಅಕ್ಟೋಬರ್ 17ರಂದು.

ಬಾಗಿಲು ತೆರೆಯುವ ಕೈ ಯಾರದು?

ಅಪಾಯವನ್ನು ಅರಿತ ಮೇಲೆ ತಯಾರಕರು ಒಂದು ಕಾವಲನ್ನು ಇಟ್ಟರು. ಮ್ಯಾಕ್ರೊ ಇರುವ ಕಡತವನ್ನು ತೆರೆದರೆ ಅದು ಕೂಡಲೇ ನಡೆಯದೆ, ನಡೆಸಬಹುದೇ ಎಂದು ಕೇಳುವ ವ್ಯವಸ್ಥೆ ಬಂದಿತು. ಮುಂದಿನ ಆವೃತ್ತಿಗಳಲ್ಲಿ ಕಡತದ ಮೇಲ್ಭಾಗದಲ್ಲಿ ಹಳದಿ ಪಟ್ಟಿಯೊಂದು ಮೂಡಿ, ಅದರಲ್ಲಿ ‘ಎನೇಬಲ್ ಕಂಟೆಂಟ್’ ಎಂಬ ಗುಂಡಿ ಕಾಣಿಸುತ್ತಿತ್ತು. ಅಂದರೆ ಕಳ್ಳನು ಒಳಗೆ ಬರಬೇಕಾದರೆ ಯಜಮಾನನೇ ಅಗುಳಿ ತೆಗೆಯಬೇಕು. ಕಾವಲು ಒಳ್ಳೆಯದೇ. ಕಳ್ಳರು ಮಾಡಿದ್ದಿಷ್ಟೇ: ಬೀಗ ಒಡೆಯುವ ವಿದ್ಯೆಯನ್ನು ಬದಿಗಿಟ್ಟು ಯಜಮಾನನನ್ನು ಒಪ್ಪಿಸುವ ವಿದ್ಯೆಯನ್ನು ಕಲಿತರು.

2014ರಲ್ಲಿ ಮೊದಲು ಕಾಣಿಸಿಕೊಂಡ ‘ಎಮೊಟೆಟ್’ ಎಂಬುದು ಈ ವಿದ್ಯೆಯಲ್ಲಿ ಪಾರಂಗತವಾಗಿತ್ತು. ಅದರ ವರ್ಡ್ ಕಡತವನ್ನು ತೆರೆದರೆ ಪತ್ರದ ಬದಲಿಗೆ ಒಂದು ಪ್ರಕಟಣೆಯ ಚಿತ್ರ ಕಾಣುತ್ತಿತ್ತು: ಈ ದಸ್ತಾವೇಜು ರಕ್ಷಿತವಾಗಿದೆ, ಓದಬೇಕಾದರೆ ಮೇಲಿನ ಗುಂಡಿಯನ್ನು ಒತ್ತಿರಿ ಎಂದು. ಓದುಗರು ಅದನ್ನು ಮೈಕ್ರೋಸಾಫ್ಟ್ ಕಂಪನಿಯ ಸೂಚನೆಯೆಂದೇ ಭಾವಿಸಿ ಒತ್ತುತ್ತಿದ್ದರು. ಇದಕ್ಕಿಂತ ಕುಟಿಲವಾದ ಉಪಾಯವೂ ಅದರ ಬಳಿ ಇತ್ತು. ಸೋಂಕಿದ ಯಂತ್ರದಿಂದ ಹಳೆಯ ಪತ್ರವ್ಯವಹಾರವನ್ನು ಕದ್ದು, ಆ ಪತ್ರಗಳಿಗೇ ಉತ್ತರವೆಂಬಂತೆ ಹೊಸ ಕಡತವನ್ನು ಕಳುಹಿಸುತ್ತಿತ್ತು. ಎರಡು ತಿಂಗಳ ಹಿಂದೆ ತಾವೇ ಬರೆದ ಪತ್ರ ಕೆಳಗೆ ಹಾಗೆಯೇ ಕಾಣುತ್ತಿರಲು, ಮೇಲಿನ ಉತ್ತರ ನಿಜವಲ್ಲವೆಂದು ಯಾರು ತಾನೆ ಊಹಿಸಿಯಾರು? ಕೆಲವೊಮ್ಮೆ ಕಡತವನ್ನು ಗುಪ್ತಪದದ ಬೀಗ ಹಾಕಿದ ಜಿಪ್ ಪೊಟ್ಟಣದಲ್ಲಿಟ್ಟು, ಗುಪ್ತಪದವನ್ನು ಪತ್ರದಲ್ಲಿಯೇ ಬರೆದಿರುತ್ತಿತ್ತು. ಓದುಗರಿಗೆ ಇದು ಹೆಚ್ಚಿನ ಭದ್ರತೆಯಂತೆ ಕಂಡರೂ, ಇದರ ನಿಜವಾದ ಪ್ರಯೋಜನವೆಂದರೆ ವೈರಸ್ ಪರೀಕ್ಷಿಸುವ ತಂತ್ರಾಂಶವು ಪೊಟ್ಟಣದ ಒಳಗನ್ನು ನೋಡದಂತೆ ಮಾಡುವುದು. ಎಂಟು ದೇಶಗಳ ಪೊಲೀಸರು ಕೂಡಿ 2021ರ ಜನವರಿಯಲ್ಲಿ ಎಮೊಟೆಟ್‌ನ ಜಾಲವನ್ನು ಕೆಡವಿದರು. ಅದೇ ವರ್ಷದ ನವೆಂಬರಿನಲ್ಲಿ ಅದು ಮತ್ತೆ ಚಿಗುರಿತು.

ಇಂತಹ ಮೋಸಕ್ಕೆ ಒಳಗಾಗುವವರು ಅಕ್ಷರ ಬಾರದವರು, ವಯಸ್ಸಾದವರು ಎಂಬ ಭಾವನೆ ಸರ್ವತ್ರ ಇದೆ. ಅದು ಶುದ್ಧ ತಪ್ಪು. ಗಣಕಯಂತ್ರಗಳ ಭದ್ರತೆಯೇ ವ್ಯಾಪಾರವಾಗಿರುವ ಆರ್‌ಎಸ್‌ಎ ಎಂಬ ಅಮೆರಿಕದ ಕಂಪನಿಗೆ 2011ರಲ್ಲಿ ಆ ವರ್ಷದ ನೇಮಕಾತಿಯ ಯೋಜನೆ ಎಂಬ ಹೆಸರಿನ ಎಕ್ಸೆಲ್ ಕಡತವೊಂದು ಬಂದಿತು. ಅಂಚೆಯ ಜರಡಿ ಅದನ್ನು ಹಿಡಿದು ಕಸದ ಬುಟ್ಟಿಗೆ ಹಾಕಿತ್ತು. ನೌಕರರೊಬ್ಬರು ಅದನ್ನು ಬುಟ್ಟಿಯಿಂದ ಹೆಕ್ಕಿ ತೆರೆದರು. ಅದರಿಂದ ಒಳಹೊಕ್ಕವರು ಕದ್ದದ್ದು, ಲೋಕದ ಅನೇಕ ಬ್ಯಾಂಕುಗಳೂ ಕಾರ್ಖಾನೆಗಳೂ ನೆಚ್ಚಿಕೊಂಡಿದ್ದ ಭದ್ರತಾ ಬಿಲ್ಲೆಗಳ ಗುಟ್ಟನ್ನು. ಬಾಂಗ್ಲಾದೇಶದ ರಿಸರ್ವ್ ಬ್ಯಾಂಕಿನಂತಿರುವ ಬಾಂಗ್ಲಾದೇಶ ಬ್ಯಾಂಕಿನ ಕಥೆಯೂ ಹಾಗೆಯೇ. ಕೆಲಸ ಕೇಳಿಕೊಂಡು ಬಂದ ವಿನಯಪೂರ್ವಕವಾದ ಪತ್ರಗಳು, ವಿದ್ಯಾರ್ಹತೆಯ ವಿವರಪಟ್ಟಿಯನ್ನು ಇಲ್ಲಿಂದ ಇಳಿಸಿಕೊಳ್ಳಿರೆಂಬ ಕೋರಿಕೆ, ಅಷ್ಟೇ. ಪತ್ರಗಳು ಬಂದದ್ದು 2015ರ ಆರಂಭದಲ್ಲಿ. ಒಂದು ವರ್ಷ ಒಳಗೆ ಅಡಗಿ ಕುಳಿತವರು 2016ರ ಫೆಬ್ರವರಿಯಲ್ಲಿ 95 ಕೋಟಿ ಡಾಲರುಗಳಷ್ಟನ್ನು ಸಾಗಿಸಲು ಹೊಂಚಿ, 8 ಕೋಟಿ 10 ಲಕ್ಷ ಡಾಲರುಗಳನ್ನು ದಕ್ಕಿಸಿಕೊಂಡರು.

ಉಕ್ರೇನಿನಲ್ಲಿ 2015ರ ಡಿಸೆಂಬರ್ 23ರ ಚಳಿಯಲ್ಲಿ ಸುಮಾರು 2,25,000 ಗ್ರಾಹಕರ ಮನೆಗಳಲ್ಲಿ ದೀಪ ಆರಿತು. ಮೂರು ವಿದ್ಯುತ್ ಸಂಸ್ಥೆಗಳ ನೌಕರರಿಗೆ ತಿಂಗಳುಗಳ ಮೊದಲೇ ಬಂದಿದ್ದ ಮ್ಯಾಕ್ರೊ ಸಹಿತವಾದ ಕಡತಗಳು ಆ ಕತ್ತಲೆಯ ಬೀಜಗಳಾಗಿದ್ದವು. ಭಾರತದ ನೆಲದಲ್ಲಿಯೂ ಇದಕ್ಕೆ ನಿದರ್ಶನವುಂಟು. ಧರ್ಮಶಾಲೆಯಲ್ಲಿರುವ ದಲಾಯಿ ಲಾಮಾ ಅವರ ಕಾರ್ಯಾಲಯದ ಗಣಕಯಂತ್ರಗಳನ್ನು ಪರೀಕ್ಷಿಸಿದ ಕೆನಡಾದ ಸಂಶೋಧಕರು 2009ರ ಮಾರ್ಚಿನಲ್ಲಿ ವರದಿಯೊಂದನ್ನು ಪ್ರಕಟಿಸಿದರು. ‘ಘೋಸ್ಟ್‌ನೆಟ್’ ಎಂದು ಅವರು ಕರೆದ ಆ ಬೇಹುಗಾರಿಕೆಯ ಜಾಲದಲ್ಲಿ 103 ದೇಶಗಳ 1,295 ಯಂತ್ರಗಳು ಸಿಕ್ಕಿಬಿದ್ದಿದ್ದವು. ಟಿಬೆಟಿನ ಹೋರಾಟಕ್ಕೆ ಸಂಬಂಧಿಸಿದ ಅನುವಾದವೆಂಬ ಹೆಸರಿನ ವರ್ಡ್ ಕಡತ, ಟಿಬೆಟಿನ ಮಿತ್ರರೆನಿಸಿದವರ ವಿಳಾಸದಿಂದಲೇ ಬಂದಂತೆ ತೋರುವ ಪತ್ರ, ಇವೇ ಅದರ ಗಾಳಗಳು. ದೇಶ ಬಿಟ್ಟು ಬಂದವರಿಗೆ ದೇಶದ ಹೆಸರಿನಲ್ಲಿಯೇ ಗಾಳ ಹಾಕಿದ ಈ ರೀತಿಯನ್ನು ಪರಸ್ಥಳದಲ್ಲಿರುವ ಯಾವ ಸಮಾಜವೂ ಗಮನದಲ್ಲಿಟ್ಟುಕೊಳ್ಳತಕ್ಕದ್ದು.

ಗುಂಡಿಯನ್ನು ಒತ್ತಿದವರನ್ನೇ ಎಲ್ಲರೂ ದೂಷಿಸುವುದು ವಾಡಿಕೆ. ಅದು ಅರ್ಧ ಸತ್ಯ. ಇಂಟರ್‌ನೆಟ್ಟಿನಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಹಿಡಿಯುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2022ರ ಫೆಬ್ರವರಿಯಲ್ಲಿ. ನಡುವೆ ಒಮ್ಮೆ ಹಿಂಜರಿದು ಅದೇ ವರ್ಷದ ಜುಲೈ ಕೊನೆಯಲ್ಲಿ ಮತ್ತೆ ಜಾರಿಗೆ ತಂದಿತು. 1995ರ ಕಾನ್ಸೆಪ್ಟ್‌ನಿಂದ ಎಣಿಸಿದರೆ ಇಪ್ಪತ್ತೇಳು ವರ್ಷ. ಚರಂಡಿಯ ನೀರು ಬಾವಿಗೆ ಸೇರುತ್ತಿರುವುದು ತಿಳಿದೂ ಇಪ್ಪತ್ತೇಳು ವರ್ಷ ಜನರಿಗೆ ನೀರು ಕುದಿಸಿ ಕುಡಿಯಿರೆಂದು ಉಪದೇಶಿಸಿದ ಪುರಸಭೆಯನ್ನು ಯಾರೂ ಮೆಚ್ಚಲಾರರು.

ಕೇಳದೆಯೇ ಒಳನುಗ್ಗುವವು

ಮ್ಯಾಕ್ರೊ ಇಲ್ಲದ ಕಡತವೆಲ್ಲ ನಿರಪಾಯಕಾರಿಯೆಂದೂ ಹೇಳಲಾಗದು. ಕಡತವನ್ನು ತೆರೆದು ತೋರಿಸುವ ತಂತ್ರಾಂಶದಲ್ಲಿಯೇ ಲೋಪವಿದ್ದರೆ, ವಿಕಾರವಾಗಿ ರಚಿಸಿದ ಕಡತವು ಆ ಲೋಪದ ಸಂದಿನಿಂದ ಆಜ್ಞೆಗಳನ್ನು ತೂರಿಸಬಲ್ಲದು. ವರ್ಡ್ ತಂತ್ರಾಂಶದ ಜೊತೆಗೆ ಗಣಿತದ ಸಮೀಕರಣಗಳನ್ನು ಬರೆಯಲು ‘ಇಕ್ವೇಷನ್ ಎಡಿಟರ್’ ಎಂಬ ಸಣ್ಣ ಸಾಧನವಿತ್ತು. 2000ದ ನವೆಂಬರಿನಲ್ಲಿ ಸಿದ್ಧಪಡಿಸಿದ ಅದನ್ನು ಹಾಗೆಯೇ ಮುಂದಿನ ಆವೃತ್ತಿಗಳಿಗೆಲ್ಲ ಸಾಗಿಸುತ್ತ ಬಂದರು. ಅದರಲ್ಲಿದ್ದ ದೊಡ್ಡ ಲೋಪವೊಂದು ಹೊರಬಿದ್ದು ದುರಸ್ತಿಯಾದದ್ದು 2017ರ ನವೆಂಬರಿನಲ್ಲಿ. 2018ರ ಜನವರಿಯಲ್ಲಿ ಆ ಸಾಧನವನ್ನೇ ಕಿತ್ತುಹಾಕಿದರು. ಆ ಲೋಪವನ್ನು ಬಳಸುವ ಕಡತಕ್ಕೆ ಮ್ಯಾಕ್ರೊ ಬೇಕಿರಲಿಲ್ಲ. ದುರಸ್ತಿಯಾದ ಎಷ್ಟೋ ವರ್ಷಗಳ ನಂತರವೂ ಕಳ್ಳರು ಅದೇ ಲೋಪವನ್ನು ನೆಚ್ಚಿಕೊಂಡಿದ್ದರು. ಏಕೆಂದರೆ ದುರಸ್ತಿಯನ್ನು ಹಾಕಿಸಿಕೊಳ್ಳದ ಹಳೆಯ ಯಂತ್ರಗಳಿಗೆ ಲೋಕದಲ್ಲಿ ಕೊರತೆಯಿಲ್ಲ. ತಂತ್ರಾಂಶದ ನವೀಕರಣವನ್ನು ನಾಳೆಗೆ ಮುಂದೂಡುವ ಅಭ್ಯಾಸ ಮಗುವಿಗೆ ಲಸಿಕೆ ಹಾಕಿಸುವುದನ್ನು ಮುಂದೂಡುವ ಅಭ್ಯಾಸಕ್ಕಿಂತ ಭಿನ್ನವಲ್ಲ.

1993ರಲ್ಲಿ ಅಡೋಬಿ ಕಂಪನಿ ಹೊರತಂದ ಪಿಡಿಎಫ್ ಬಗೆಯ ಕಡತವನ್ನು ಜನ ಮುದ್ರಿತ ಪುಟದಷ್ಟೇ ನಿಶ್ಚಲವೆಂದು ನಂಬುತ್ತಾರೆ. ಅದರೊಳಗೂ ಆಜ್ಞೆಗಳನ್ನಿಡಬಹುದು. ಅದನ್ನು ತೆರೆಯುವ ತಂತ್ರಾಂಶಗಳನ್ನು ಬೇಲಿಯೊಳಗಿಟ್ಟು ನಡೆಸುವ ವ್ಯವಸ್ಥೆ 2010ರ ನಂತರ ಬಂದುದರಿಂದ ಆ ಅಪಾಯ ಬಹುಮಟ್ಟಿಗೆ ತಗ್ಗಿದೆ. ಈಗ ಪಿಡಿಎಫ್‌ನಲ್ಲಿ ಹೆಚ್ಚಾಗಿ ಕಾಣುವ ಮೋಸವೆಂದರೆ ಪುಟದ ನಡುವೆ ಒಂದು ಕೊಂಡಿಯನ್ನಿಟ್ಟು, ಬ್ಯಾಂಕಿನದೋ ಇ-ಮೇಲಿನದೋ ಪ್ರವೇಶದ್ವಾರದಂತೆ ಕಾಣುವ ನಕಲಿ ಪುಟಕ್ಕೆ ಕರೆದೊಯ್ದು ಗುಪ್ತಪದವನ್ನು ಬರೆಯಿಸಿಕೊಳ್ಳುವುದು. ಕಡತದಲ್ಲಿ ವಿಷವಿಲ್ಲ, ವಿಷದಂಗಡಿಯ ವಿಳಾಸವಿದೆ.

ಲಗ್ನಪತ್ರಿಕೆಯ ವೇಷ

ಗಣಕಯಂತ್ರವನ್ನು ಮುಟ್ಟದವರೂ ಮೊಬೈಲನ್ನು ಹಿಡಿದಿರುತ್ತಾರೆ. ಹೀಗಾಗಿ ಹಳೆಯ ವಂಚನೆ ಹೊಸ ವೇಷದಲ್ಲಿ ಅಲ್ಲಿಗೂ ಬಂದಿದೆ. 2024ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ವಾಟ್ಸಾಪಿನಲ್ಲಿ ಬರುವ ನಕಲಿ ವಿವಾಹ ಆಮಂತ್ರಣಗಳ ಬಗ್ಗೆ ಎಚ್ಚರಿಕೆ ಕೊಟ್ಟರು. ಮದುವೆಯ ಕರೆಯೋಲೆಯೆಂಬ ಹೆಸರಿನ ಆ ಕಡತದ ಕೊನೆಯ ಚುಕ್ಕೆಯ ನಂತರ ‘ಎಪಿಕೆ’ ಎಂಬ ಅಕ್ಷರಗಳಿರುತ್ತವೆ. ಎಪಿಕೆ ಎಂಬುದು ಚಿತ್ರವಲ್ಲ, ಪತ್ರವೂ ಅಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲಿ ನೆಲೆಯೂರಿಸಬೇಕಾದ ಪೂರ್ಣ ಪ್ರೋಗ್ರಾಮು. ಸಂಚಾರ ನಿಯಮ ಮುರಿದುದಕ್ಕೆ ದಂಡದ ಚಲನ್, ಬ್ಯಾಂಕಿನ ಬಹುಮಾನದ ಅಂಕಗಳು, ಸರ್ಕಾರದ ಸಹಾಯಧನ ಮುಂತಾದ ಹೆಸರುಗಳಲ್ಲಿಯೂ ಇವು ಸಂಚರಿಸುತ್ತವೆ.

ಅದನ್ನು ಒತ್ತಿದರೆ ‘ಇನ್‌ಸ್ಟಾಲ್’ ಮಾಡಲೇ ಎಂದು ಮೊಬೈಲು ಕೇಳುತ್ತದೆ. ಅಪರಿಚಿತ ಮೂಲದಿಂದ ಬಂದದ್ದೆಂದು ಎಚ್ಚರಿಸುವುದೂ ಉಂಟು. ಒಪ್ಪಿದರೆ ಸಂದೇಶಗಳನ್ನು ಓದುವ ಅನುಮತಿಯನ್ನು ಬೇಡುತ್ತದೆ. ಮದುವೆಗೆ ಕರೆಯಲು ಬಂದವನು ಅಡುಗೆಮನೆಯ ಬೀಗದಕೈ ಕೇಳಿದಂತೆ ಇದು. ಅನುಮತಿ ಸಿಕ್ಕಿತೆಂದರೆ ಬ್ಯಾಂಕಿನಿಂದ ಬರುವ ಓಟಿಪಿ ಸಂಖ್ಯೆಗಳು ಯಜಮಾನರ ಕಣ್ಣಿಗೆ ಬೀಳುವ ಮೊದಲೇ ಕಳ್ಳರ ಕೈಸೇರುತ್ತವೆ. ಓಟಿಪಿಯನ್ನು ಯಾರಿಗೂ ಹೇಳಬಾರದೆಂಬ ಪಾಠವನ್ನು ಚೆನ್ನಾಗಿ ಕಲಿತ ಹಿರಿಯರೂ ಇಲ್ಲಿ ಮೋಸಹೋಗುತ್ತಾರೆ. ಅವರು ಯಾರಿಗೂ ಹೇಳಿರುವುದಿಲ್ಲ, ಮೊಬೈಲೇ ಹೇಳಿಬಿಟ್ಟಿರುತ್ತದೆ. ಎಷ್ಟೋ ವೇಳೆ ಆ ಕರೆಯೋಲೆ ಅವರ ಹೆಸರಿನಲ್ಲಿಯೇ ಕುಟುಂಬದ ಗುಂಪುಗಳಿಗೆ ಮತ್ತೆ ರವಾನೆಯಾಗುತ್ತದೆ. ಚಿಕ್ಕಮ್ಮನಿಂದ ಬಂದದ್ದೆಂದು ಅಕ್ಕನ ಮಗಳು ತೆರೆಯುತ್ತಾಳೆ. ಮೆಲಿಸ್ಸಾದ ಐವತ್ತು ವಿಳಾಸಗಳು ನೆನಪಿಗೆ ಬಂದರೆ ಆಶ್ಚರ್ಯವಿಲ್ಲ.

ಒಂದೇ ಒಂದು ಗುರುತನ್ನು ನೆನಪಿಟ್ಟರೂ ಈ ಬಗೆಯ ಮೋಸದಿಂದ ಪಾರಾಗಬಹುದು. ನಿಜವಾದ ಲಗ್ನಪತ್ರಿಕೆ ಚಿತ್ರವಾಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಇಲ್ಲವೆ ವಿಡಿಯೋ ಆಗಿರುತ್ತದೆ, ಒತ್ತಿದರೆ ಕಾಣುತ್ತದೆ. ಯಾವ ಲಗ್ನಪತ್ರಿಕೆಯನ್ನೂ ‘ಇನ್‌ಸ್ಟಾಲ್’ ಮಾಡಬೇಕಾದ ಪ್ರಮೇಯವಿಲ್ಲ.

ಸಂಘಗಳ ಕಚೇರಿ

ಹೊರನಾಡಿನ ಕನ್ನಡ ಸಂಘಗಳ ಪರಿಸ್ಥಿತಿ ವಿಶೇಷ ಪರಿಶೀಲನೆಗೆ ಯೋಗ್ಯವಾದುದು. ಸಂಘದ ಕಚೇರಿಯಲ್ಲಿ ಸಾಮಾನ್ಯವಾಗಿ ಒಂದೇ ಗಣಕಯಂತ್ರ, ಅದೂ ಯಾರೋ ಸದಸ್ಯರು ದಾನವಿತ್ತ ಹಳೆಯದು. ಕಾರ್ಯದರ್ಶಿ, ಖಜಾಂಚಿ, ಸಂಚಿಕೆಯ ಸಂಪಾದಕರು ಎಲ್ಲರೂ ಅದನ್ನೇ ಬಳಸುತ್ತಾರೆ. ಅದರಲ್ಲಿ ನೂರಾರು ಕುಟುಂಬಗಳ ವಿಳಾಸ, ದೂರವಾಣಿ, ದೇಣಿಗೆಯ ಲೆಕ್ಕ, ಕೆಲವೊಮ್ಮೆ ಆಧಾರ್ ಮತ್ತು ಪ್ಯಾನ್ ಚೀಟಿಗಳ ಪ್ರತಿಗಳೂ ಇರುತ್ತವೆ. ವಾರ್ಷಿಕ ಸಂಚಿಕೆ ಹೊರಡುವ ಕಾಲದಲ್ಲಿ ಪರಿಚಿತರು, ಅಪರಿಚಿತರು, ಜಾಹೀರಾತು ಕೊಡುವವರು ಎಲ್ಲರಿಂದಲೂ ಕಡತಗಳು ಬರುತ್ತವೆ. ಬಂದುದನ್ನೆಲ್ಲ ತೆರೆದು ನೋಡುವುದೇ ಸಂಪಾದಕರ ಕರ್ತವ್ಯ. ಅಪರಿಚಿತರ ಕಡತವನ್ನು ತೆರೆಯಬೇಡಿರೆಂಬ ಸಾಮಾನ್ಯ ಉಪದೇಶ ಅವರಿಗೆ ಉಪಯೋಗಕ್ಕೆ ಬಾರದು. ಹೊರರೋಗಿಗಳನ್ನು ನೋಡುವ ವೈದ್ಯರಿಗೆ ರೋಗಿಗಳ ಹತ್ತಿರ ಹೋಗಬೇಡಿರೆಂದು ಹೇಳಿದಂತಾಗುತ್ತದೆ. ಅವರಿಗೆ ಬೇಕಾದದ್ದು ಕೈತೊಳೆಯುವ ಕ್ರಮ.

ಲೇಖನಗಳನ್ನು ವರ್ಡ್ ಕಡತವಾಗಿಯೇ ಕಳುಹಿಸಬೇಕೆಂಬ ಪದ್ಧತಿ ಕನ್ನಡದಲ್ಲಿ ಬೇರೂರಲು ಒಂದು ಕಾರಣವಿತ್ತು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಕನ್ನಡವನ್ನು ಇ-ಮೇಲಿನಲ್ಲಿ ನೇರವಾಗಿ ಹಾಕಿದರೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಬಿಡುತ್ತಿತ್ತು. ಯೂನಿಕೋಡ್ ಬಂದ ಮೇಲೆ ಆ ತೊಡಕು ಉಳಿದಿಲ್ಲ. ಲೇಖನವನ್ನು ಇ-ಮೇಲಿನ ಒಡಲಿನಲ್ಲಿಯೇ ಯೂನಿಕೋಡಿನಲ್ಲಿ ಬರೆದು ಕಳುಹಿಸಿರೆಂದು ಲೇಖಕರನ್ನು ಕೇಳಿಕೊಂಡರೆ ಕಡತದ ಗೊಡವೆಯೇ ಇರದು. ಕಡತವಾಗಿಯೇ ಬಂದುದನ್ನು ಯಂತ್ರಕ್ಕೆ ಇಳಿಸಿಕೊಳ್ಳದೆ, ಜೀಮೇಲ್ ಮುಂತಾದ ಅಂಚೆಸೇವೆಗಳು ಕೊಡುವ ಮುನ್ನೋಟದಲ್ಲಿಯೇ ಓದಬಹುದು. ಆಗ ಕಡತ ತೆರೆಯುವುದು ದೂರದ ಯಂತ್ರದಲ್ಲಿ, ಸಂಘದ ಯಂತ್ರದಲ್ಲಲ್ಲ. ಇಳಿಸಿಕೊಳ್ಳಲೇಬೇಕಾದರೆ ವರ್ಡ್ ಅದನ್ನು ರಕ್ಷಿತ ನೋಟದಲ್ಲಿ ತೋರಿಸುತ್ತದೆ. ಓದುವುದಕ್ಕೆ ಅಷ್ಟು ಸಾಕು. ‘ಎನೇಬಲ್ ಎಡಿಟಿಂಗ್’ ಎಂಬುದನ್ನು ತಿದ್ದುವ ಅಗತ್ಯ ಬಿದ್ದಾಗ, ಕಳುಹಿಸಿದವರೊಡನೆ ಮಾತನಾಡಿದ ನಂತರವೇ ಒತ್ತಬೇಕು. ‘ಎನೇಬಲ್ ಕಂಟೆಂಟ್’ ಎಂಬುದನ್ನು ಒತ್ತುವ ಕಾರಣ ಕವಿತೆಗೂ ಇಲ್ಲ, ಪ್ರಬಂಧಕ್ಕೂ ಇಲ್ಲ. ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಡುವೆವೆಂದು ಎಲ್ಲೆಲ್ಲಿಯೋ ಸಿಗುವ ಸಾಧನಗಳನ್ನು ಇಳಿಸಿಕೊಳ್ಳುವುದೂ ಸಲ್ಲದು.

ವಿಂಡೋಸ್ ಯಂತ್ರದಲ್ಲಿ ಕಡತದ ಹೆಸರಿನ ಕೊನೆಯ ಅಕ್ಷರಗಳು ಸದಾ ಕಾಣುವಂತೆ ಮಾಡಿಕೊಳ್ಳುವುದು ಒಂದು ನಿಮಿಷದ ಕೆಲಸ. ಸದಸ್ಯರ ಪಟ್ಟಿಯ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಉಳಿಸಿ, ಉಳಿಸಿದ ಮೇಲೆ ಅದನ್ನು ಯಂತ್ರದಿಂದ ಬಿಡಿಸಿಡಬೇಕು. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ಬಗೆಯ ಸೋಂಕು ತಗಲಿದರೆ, ಯಂತ್ರಕ್ಕೆ ಸದಾ ಅಂಟಿಕೊಂಡೇ ಇರುವ ಪ್ರತಿಯೂ ಅದರ ಪಾಲಾಗುತ್ತದೆ. ಬ್ಯಾಂಕಿನ ವ್ಯವಹಾರವನ್ನು ಈ ಯಂತ್ರದಲ್ಲಿ ಮಾಡದೆ ಖಜಾಂಚಿಯವರು ಬೇರೆ ಸಾಧನದಲ್ಲಿ ಮಾಡುವುದು ಕ್ಷೇಮ. ವೈರಸ್ ತಡೆಯುವ ತಂತ್ರಾಂಶ ಇರಲಿ, ಆದರೆ ಅದು ಹಿಡಿಯುವುದು ಹೆಚ್ಚಾಗಿ ಹಿಂದೆ ಕಂಡ ಕಳ್ಳರನ್ನು.

ಎಲ್ಲಕ್ಕಿಂತ ಮಿಗಿಲಾದ ಪರೀಕ್ಷೆ ತೀರ ಹಳೆಯದು. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಈ ಪ್ರಸಂಗಕ್ಕೆ ಹೇಳಿಮಾಡಿಸಿದಂತಿದೆ. ನಿರೀಕ್ಷಿಸದ ಕಡತ ಬಂದಾಗ, ಕಳುಹಿಸಿದವರ ಹೆಸರು ಎಷ್ಟೇ ಆಪ್ತವಾಗಿರಲಿ, ದೂರವಾಣಿ ಮಾಡಿ ‘ಮಾವ, ಮದುವೆಯ ಪತ್ರಿಕೆ ನೀವೇ ಕಳಿಸಿದ್ದಾ?’ ಎಂದು ಕೇಳಬೇಕು. ಅದೇ ಇ-ಮೇಲಿಗೆ ಉತ್ತರ ಬರೆದು ಕೇಳುವುದರಿಂದ ಪ್ರಯೋಜನವಿಲ್ಲ. ಆ ಪೆಟ್ಟಿಗೆ ಕಳ್ಳರ ವಶದಲ್ಲಿದ್ದರೆ ಹೌದೆಂಬ ಉತ್ತರವೂ ಕಳ್ಳರಿಂದಲೇ ಬರುತ್ತದೆ. ಊರಿನವರ ದನಿಯನ್ನು ಕೇಳಲು ಇದೊಂದು ನೆಪವೂ ಆಯಿತು.

ಸೋಂಕು ತಗಲಿದ ಮೇಲೆ

ಸೋಂಕಿನ ಲಕ್ಷಣಗಳು ಹಲವು ವೇಳೆ ಕಾಣುವುದೇ ಇಲ್ಲ. ಒತ್ತಬಾರದ ಗುಂಡಿಯನ್ನು ಒತ್ತಿಬಿಟ್ಟೆವೆಂಬ ಶಂಕೆ ಬಂದರೆ ಅದನ್ನೇ ಲಕ್ಷಣವೆಂದು ತಿಳಿಯಬೇಕು. ಮೊದಲು ಇಂಟರ್‌ನೆಟ್ ಸಂಪರ್ಕವನ್ನು ಕಡಿಯಬೇಕು. ಮೊಬೈಲಾದರೆ ವೈಫೈ ಮತ್ತು ಡೇಟಾ ಎರಡನ್ನೂ ನಿಲ್ಲಿಸಬೇಕು. ಅನಂತರ ಬೇರೊಂದು ಶುದ್ಧವಾದ ಸಾಧನದಿಂದ ಇ-ಮೇಲಿನ ಮತ್ತು ಬ್ಯಾಂಕಿನ ಗುಪ್ತಪದಗಳನ್ನು ಬದಲಿಸಬೇಕು. ಸೋಂಕಿದ ಯಂತ್ರದಿಂದಲೇ ಬದಲಿಸಿದರೆ ಹೊಸ ಗುಪ್ತಪದವನ್ನೂ ಕಳ್ಳರಿಗೆ ಬರೆದುಕೊಟ್ಟಂತೆ. ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವುದರ ಜೊತೆಗೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಬೇಕು. ಕೇಂದ್ರ ಗೃಹ ಖಾತೆಯ ಆಶ್ರಯದ ಈ ವ್ಯವಸ್ಥೆ ಪೊಲೀಸರನ್ನೂ ಬ್ಯಾಂಕುಗಳನ್ನೂ ಜೋಡಿಸಿ, ಕದ್ದ ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಯತ್ನಿಸುತ್ತದೆ. ಗಂಟೆಗಳು ಕಳೆದಂತೆ ಹಣ ಮರಳುವ ಸಂಭವ ಇಳಿಯುತ್ತ ಹೋಗುತ್ತದೆ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಎಂಬ ತಾಣದಲ್ಲಿ ಲಿಖಿತ ದೂರನ್ನೂ ಕೊಡಬಹುದು.

ಬಹುಮಂದಿ ಇದಾವುದನ್ನೂ ಮಾಡುವುದಿಲ್ಲ. ಮಗನು ಬೈದಾನು, ಸೊಸೆ ನಕ್ಕಾಳು, ಸಂಘದಲ್ಲಿ ಮರ್ಯಾದೆ ಹೋದೀತು ಎಂಬ ಸಂಕೋಚದಿಂದ ಸುಮ್ಮನಿದ್ದುಬಿಡುತ್ತಾರೆ. ಅಷ್ಟರಲ್ಲಿ ಅವರ ಹೆಸರಿನ ಕರೆಯೋಲೆ ಇನ್ನೂ ಐವತ್ತು ಮನೆಗಳನ್ನು ಹೊಕ್ಕಿರುತ್ತದೆ. ಕಾಲರಾ ಕಂಡ ಮನೆಯವರು ಆರೋಗ್ಯಾಧಿಕಾರಿಗೆ ತಿಳಿಸಲೇಬೇಕೆಂಬ ನಿಯಮ ಬಂದದ್ದು ಆ ಮನೆಯವರನ್ನು ದಂಡಿಸಲೆಂದಲ್ಲ, ನೆರೆಮನೆಯವರನ್ನು ಉಳಿಸಲೆಂದು. ನನ್ನ ಹೆಸರಿನಲ್ಲಿ ಬಂದ ಕಡತವನ್ನು ತೆರೆಯಬೇಡಿ ಎಂಬ ಒಂದು ಸಾಲನ್ನು ಮತ್ತೊಬ್ಬರ ಮೊಬೈಲಿನಿಂದ ಕುಟುಂಬದ ಗುಂಪಿಗೂ ಸಂಘದ ಗುಂಪಿಗೂ ಕೂಡಲೇ ಹಾಕಿಸುವುದು, ಮನೆಯ ಕಿರಿಯರು ಆ ಹೊತ್ತಿನಲ್ಲಿ ಬೈಗುಳವನ್ನು ನುಂಗಿಕೊಂಡು 1930ಕ್ಕೆ ಕರೆ ಹಚ್ಚಿಕೊಡುವುದು, ಇವೆರಡೂ ಮೊದಲ ಅರ್ಧ ಗಂಟೆಯಲ್ಲಿ ನಡೆಯತಕ್ಕ ಕೆಲಸಗಳು.